"ಗೇರ್ ಹಾಕೋಕೆ ಬರಲ್ವಾ ಭಾವ?"

ಪ್ರಶ್ನೆ: ಸರ್, ನನ್ನ ವಯಸ್ಸು 31. ಶಿವಮೊಗ್ಗದಲ್ಲಿ ಒಂದು ಸಹಕಾರಿ ಬ್ಯಾಂಕಿನಲ್ಲಿ ಕೆಲಸ. ಎರಡು ವರ್ಷದ ಹಿಂದೆ 125 ಸಿಸಿ ಸ್ಕೂಟರ್ ತಗೊಂಡೆ. ಮನೆಗೆ ಇದೊಂದೇ ಗಾಡಿ, ನಾನೂ ಓಡಿಸುತ್ತೇನೆ, ಹೆಂಡತಿಯೂ ಓಡಿಸುತ್ತಾಳೆ. ನಿಜ ಹೇಳಬೇಕೆಂದರೆ ನನಗೆ ಈ ಗಾಡಿ ತುಂಬಾ ಇಷ್ಟ. ಆದರೆ ಬ್ಯಾಂಕಿನಲ್ಲಿ "ಇವತ್ತೂ ಮೇಡಂ ಗಾಡಿನಾ?" ಅಂತ ದಿನಾ ಕೇಳುತ್ತಾರೆ. ಹೋದ ತಿಂಗಳು ಒಂದು ಗೃಹಪ್ರವೇಶದಲ್ಲಿ ಊಟಕ್ಕೆ ಕೂತಾಗ ಭಾವಮೈದ ಎಲ್ಲರೆದುರು "ಗೇರ್ ಹಾಕೋಕೆ ಬರಲ್ವಾ ಭಾವ?" ಅಂದ. ಎಲ್ಲರೂ ನಕ್ಕರು. ನಾನೂ ನಕ್ಕೆ, ಆದರೆ ಆಮೇಲೆ ಊಟ ಸೇರಲಿಲ್ಲ. ಈಗ ಅವನೂ ಅವನ ಮೂವರು ಗೆಳೆಯರೂ ಬುಲೆಟ್‌ನಲ್ಲಿ ಆಗುಂಬೆಗೆ ಹೊರಟಿದ್ದಾರೆ, ನಮ್ಮಿಬ್ಬರನ್ನೂ ಕರೆದಿದ್ದಾರೆ. ಸ್ಕೂಟರಿನಲ್ಲಿ ಘಾಟಿ ಇಳಿದು ಹತ್ತಬಹುದಾ? ಇಲ್ಲಾ, ಇದನ್ನು ಮಾರಿ ಬೈಕ್ ತಗೊಳ್ಳುವುದೇ ವಾಸಿಯಾ?

ಉತ್ತರ: ಮಾರಬೇಡಿ. ಘಾಟಿ ಇಳಿಯಬಹುದು, ಹತ್ತಲೂಬಹುದು. ಅದನ್ನು ಹೇಗೆ ಅಂತ ಕೊನೆಗೆ ಹೇಳುತ್ತೇನೆ. ಮೊದಲು ಆ ಊಟದ ಪಂಕ್ತಿಗೆ ಹೋಗೋಣ.

ಅವತ್ತು ನಕ್ಕವರಲ್ಲಿ ಅರವತ್ತು ದಾಟಿದವರು ಎಷ್ಟು ಜನ ಇದ್ದರು? ಅವರಲ್ಲಿ ಹೆಚ್ಚಿನವರು ಒಂದು ಕಾಲದಲ್ಲಿ ಸ್ಕೂಟರ್ ಓಡಿಸಿದವರೇ ಆಗಿರುತ್ತಾರೆ, ಇಲ್ಲದಿದ್ದರೆ ಸ್ಕೂಟರ್ ಬೇಕು ಅಂತ ಆಸೆಪಟ್ಟು ಸಿಗದೆ ಸುಮ್ಮನಾದವರು. ನಿಮ್ಮ ಮಾವನವರನ್ನೇ ಕೇಳಿ ನೋಡಿ. 1972ರಲ್ಲಿ ಬಜಾಜ್ ಕಂಪನಿ ಚೇತಕ್ ತಂದಿತು. ಚೇತಕ್ ಅಂದರೆ ರಾಣಾ ಪ್ರತಾಪನ ಯುದ್ಧದ ಕುದುರೆ. ಆ ಹೆಸರಿಟ್ಟದ್ದು ಹುಡುಗಿಯರಿಗೆ ಮಾರುವುದಕ್ಕಲ್ಲ, ಅಲ್ವಾ? ದುಡ್ಡು ಕಟ್ಟಿ ಬುಕ್ ಮಾಡಿದರೆ ಗಾಡಿ ಕೈಗೆ ಬರಲು ವರ್ಷಗಟ್ಟಲೆ ಕಾಯಬೇಕಿತ್ತು, ಒಂದು ಕಾಲದಲ್ಲಿ ಹತ್ತು ವರ್ಷದವರೆಗೂ. ಸ್ಕೂಟರ್ ಇದ್ದ ಗಂಡು ಅಂದರೆ ಹೆಣ್ಣು ಕೊಡುವವರು ತಾವಾಗಿ ಬರುತ್ತಿದ್ದರು. ಇಲ್ಲದ ಗಂಡಿನ ಕಡೆಯವರು ವರದಕ್ಷಿಣೆಗೆ ಸ್ಕೂಟರನ್ನೇ ಕೇಳುತ್ತಿದ್ದರು. ನಾಚಿಕೆಗೇಡಿನ ಮಾತು, ಆದರೆ ನಡೆದದ್ದು ಹಾಗೇ. ಆಗ ಅದನ್ನು ಯಾರೂ ಹೆಂಗಸರ ಗಾಡಿ ಅನ್ನಲಿಲ್ಲ. ಎಷ್ಟೋ ಮನೆಗಳಲ್ಲಿ ಹೆಂಗಸರಿಗೆ ಅದರ ಹ್ಯಾಂಡಲ್ ಮುಟ್ಟಲೂ ಬಿಡುತ್ತಿರಲಿಲ್ಲ.

ಮತ್ತೆ ಅದಕ್ಕೆ ಗೇರೂ ಇತ್ತು. ಎಡಗೈಯಲ್ಲಿ ಕ್ಲಚ್ ಒತ್ತಿ, ಹಿಡಿಯನ್ನೇ ಮೇಲೆ ಕೆಳಗೆ ತಿರುಗಿಸಿ ಗೇರ್ ಹಾಕಬೇಕಿತ್ತು. ನಾಲ್ಕು ಗೇರ್. ಕ್ಲಚ್ ಕೇಬಲ್ ಎಳೆ ಎಳೆಯಾಗಿ ಬಿಚ್ಚಿಕೊಳ್ಳಲು ಶುರುವಾದರೆ ಆ ಹಿಡಿ ತಿರುಗಿಸಲು ತೋಳಿನ ಬಲವೇ ಬೇಕಿತ್ತು.

ನಮ್ಮಪ್ಪ ಹೈಸ್ಕೂಲ್ ಮೇಷ್ಟ್ರು. ಅವರ ಸ್ಕೂಟರ್ ಮನೆಗೆ ಬಂದಾಗ ನನಗೆ ಎಂಟು ವರ್ಷ. ತಿಳಿ ನೀಲಿ ಬಣ್ಣ. ಮಲೆನಾಡಿನ ಚಳಿಗಾಲದಲ್ಲಿ ಅದು ಬೆಳಗ್ಗೆ ಒಂದೇ ಸಲಕ್ಕೆ ಎದ್ದದ್ದು ನಾನು ಕಂಡಿಲ್ಲ. ಕಿಕ್ ಹೊಡೆದು ಹೊಡೆದು ಸಾಕಾದ ಮೇಲೆ ಅಪ್ಪ ಪಂಚೆ ಎತ್ತಿ ಕಟ್ಟಿ, ಗಾಡಿಯನ್ನು ಒಂದು ಪಕ್ಕಕ್ಕೆ ನೆಲ ಮುಟ್ಟುವಷ್ಟು ವಾಲಿಸಿ, ಹಾಗೇ ಹಿಡಿದುಕೊಂಡು ಬಾಯಲ್ಲಿ ಹತ್ತು ಎಣಿಸುತ್ತಿದ್ದರು. ಪೆಟ್ರೋಲ್ ಇಳಿಯಲಿ ಅಂತ. ಆಮೇಲೆ ನೆಟ್ಟಗೆ ನಿಲ್ಲಿಸಿ ಇನ್ನೊಂದು ಕಿಕ್. ಅದು ಬುರ್ರೆಂದು ಬಿಳಿ ಹೊಗೆ ಬಿಟ್ಟು ಎದ್ದರೆ ಇಡೀ ಬೀದಿಗೆ ಮೇಷ್ಟ್ರು ಹೊರಟರು ಅಂತ ಗೊತ್ತಾಗುತ್ತಿತ್ತು. ನಾನು ಮುಂದೆ ನಿಂತು, ತಂಗಿ ಅಪ್ಪ ಅಮ್ಮನ ನಡುವೆ ಸಿಕ್ಕಿಕೊಂಡು, ಅಮ್ಮ ಒಂದೇ ಕಡೆ ಕಾಲು ಹಾಕಿ ಹಿಂದಿನ ಸ್ಟೆಪ್ನಿಗೆ ಒಂದು ಕೈ ಕೊಟ್ಟು. ಇಡೀ ಊರಿನಲ್ಲಿ ನಮ್ಮಪ್ಪನಷ್ಟು ಗಂಡಸು ಇನ್ನೊಬ್ಬ ಇಲ್ಲ ಅಂತ ನಾನು ಆಗ ನಂಬಿದ್ದೆ.

ಹಾಗಾದರೆ ಇದು ಹೆಂಗಸರ ಗಾಡಿ ಆದದ್ದು ಯಾವಾಗ? ಒಂದೇ ದಿನಕ್ಕೆ ಆದದ್ದಲ್ಲ. 1984ರಲ್ಲಿ ಕೈನೆಟಿಕ್ ಹೋಂಡಾ ಬಂತು. ಗೇರ್ ಇಲ್ಲ, ಬಟನ್ ಒತ್ತಿದರೆ ಸ್ಟಾರ್ಟ್. ಅಲ್ಲಿಯವರೆಗೆ ಕಿಕ್ ಹೊಡೆಯುವ ಕಷ್ಟಕ್ಕೆ ದೂರ ಇದ್ದ ಹೆಂಗಸರು ಗಾಡಿ ಹತ್ತಿದರು. ಮರುವರ್ಷವೇ ಹೀರೋ ಹೋಂಡಾದ ಸಿಡಿ 100 ಬೈಕ್ ಬಂತು, ಮೈಲೇಜ್ ನೋಡಿ ಗಂಡಸರು ಅತ್ತ ಹೋದರು. ಅವರು ಸ್ಕೂಟರ್ ಬಿಟ್ಟದ್ದು ಪೆಟ್ರೋಲ್ ಲೆಕ್ಕಕ್ಕೆ, ಗಂಡಸುತನದ ಲೆಕ್ಕಕ್ಕಲ್ಲ. ತೊಂಬತ್ತರ ದಶಕದಲ್ಲಿ ನಮ್ಮ ಪಕ್ಕದ ಹೊಸೂರಿನ ಟಿವಿಎಸ್‌ನಿಂದ ಸ್ಕೂಟಿ ಬಂತು, ಕಾಲೇಜು ಹುಡುಗಿಯರು ತಗೊಂಡರು. ಆ ದಶಕ ಮುಗಿಯುವ ಹೊತ್ತಿಗೆ ದೇಶದಲ್ಲಿ ಬೈಕ್ ಮಾರಾಟ ಸ್ಕೂಟರನ್ನು ದಾಟಿಹೋಗಿತ್ತು.

ಇನ್ನು ಮಜಾ ಕೇಳಿ. 2001ರಲ್ಲಿ ಪಲ್ಸರ್ ಬೈಕ್ ಬಂದಾಗ ಅದರ ಜಾಹೀರಾತಿನ ಸಾಲು ಏನಿತ್ತು ಗೊತ್ತಾ? 'ಡೆಫಿನೆಟ್ಲಿ ಮೇಲ್'. ಖಂಡಿತಾ ಗಂಡು ಅಂತ. ಪಲ್ಸರ್ ಯಾರದ್ದು? ಬಜಾಜ್‌ನದ್ದೇ! 1989ರಲ್ಲಿ 'ಹಮಾರಾ ಬಜಾಜ್' ಅಂತ ಟಿವಿಯಲ್ಲಿ ತೋರಿಸಿ ಅಪ್ಪನಿಗೆ ಸ್ಕೂಟರ್ ಮಾರಿದ ಕಂಪನಿಯೇ ಹನ್ನೆರಡು ವರ್ಷದ ಮೇಲೆ ಮಗನಿಗೆ ಬೈಕ್ ಮಾರುವಾಗ ಗಂಡಸ್ತನವನ್ನೂ ಜೊತೆಗೆ ಪ್ಯಾಕ್ ಮಾಡಿ ಕೊಟ್ಟಿತು. ಅದರಲ್ಲಿ ತಪ್ಪೇನಿಲ್ಲ, ವ್ಯಾಪಾರ. ಇನ್ನೊಂದು ಕಡೆಯಿಂದ ಪ್ಲೆಷರ್‌ನಂಥ ಸ್ಕೂಟರುಗಳ ಜಾಹೀರಾತಿನಲ್ಲಿ, ಮಜಾ ಎಲ್ಲ ಹುಡುಗರಿಗೇ ಯಾಕೆ ಅಂತ ಹುಡುಗಿಯರನ್ನು ಕರೆದರು. ಎರಡೂ ಕಡೆಯಿಂದ ಗೆರೆ ಎಳೆದದ್ದು ಮಾರುವವರು. ಬಜಾಜ್ 2009ರ ಹೊತ್ತಿಗೆ ಸ್ಕೂಟರ್ ಮಾಡುವುದನ್ನೇ ನಿಲ್ಲಿಸಿತು. ಮತ್ತೆ 2020ರಲ್ಲಿ ಅದೇ ಚೇತಕ್ ಹೆಸರಿನಲ್ಲಿ ಎಲೆಕ್ಟ್ರಿಕ್ ಸ್ಕೂಟರ್ ಮಾರಲು ಬಂತು. ನಿಮ್ಮ ಭಾವಮೈದ ಅಂದದ್ದು ಅವನ ಸ್ವಂತ ಮಾತಲ್ಲ, ಇಪ್ಪತ್ತೈದು ವರ್ಷ ಹಳೆಯ ಜಾಹೀರಾತು. ಅವನಿಗೆ ಅದು ಗೊತ್ತಿಲ್ಲ ಅಷ್ಟೇ.

ಹೊರದೇಶದ್ದೂ ಸ್ವಲ್ಪ ಹೇಳಿಬಿಡುತ್ತೇನೆ. ವೆಸ್ಪಾ ಸ್ಕೂಟರ್ ಬಂದದ್ದು 1946ರಲ್ಲಿ, ಇಟಲಿಯಿಂದ. ಅದನ್ನು ರೂಪಿಸಿದ ಕೊರಾಡಿನೊ ದಾಸ್ಕಾನಿಯೊ ವಿಮಾನದ ಎಂಜಿನಿಯರ್, ಹೆಲಿಕಾಪ್ಟರ್ ಮಾಡಲು ಹೊರಟಿದ್ದವನು. ಅವನಿಗೆ ಮೋಟಾರ್‌ಸೈಕಲ್ ಕಂಡರೇ ಆಗುತ್ತಿರಲಿಲ್ಲ. ಚೈನಿನ ಎಣ್ಣೆ ಬಟ್ಟೆಗೆ ಹತ್ತುತ್ತದೆ, ಕಾಲೆತ್ತಿ ಹಾರಿ ಕೂರಬೇಕು, ಪಂಕ್ಚರ್ ಆದರೆ ಚಕ್ರ ಬಿಚ್ಚುವುದು ರಗಳೆ. ಅದಕ್ಕೇ ಎಂಜಿನ್ ಮುಚ್ಚಿಟ್ಟು, ಮುಂದೆ ಕಾಲಿಡಲು ಜಾಗ ಬಿಟ್ಟು, ಚಕ್ರವನ್ನು ಒಂದೇ ಕಡೆಯಿಂದ ಸಿಕ್ಕಿಸಿದ. ಹತ್ತು ವರ್ಷದ ಮೇಲೆ, 1956ರ ಸುಮಾರಿಗೆ, ಫ್ರಾನ್ಸಿನವರು ಪ್ಯಾರಾಚೂಟ್ ಪಡೆಗೆ ಅಂತ ಇದೇ ವೆಸ್ಪಾದ ಮೇಲೆ 75 ಮಿಲಿಮೀಟರ್ ತೋಪು ಕೂರಿಸಿದರು. ಹೌದು, ತೋಪು. ಹಾಗೆಂದು ಅಲ್ಲೆಲ್ಲ ಸ್ಕೂಟರಿಗೆ ಮರ್ಯಾದೆಯೇ ಇತ್ತು ಅಂದುಕೊಳ್ಳಬೇಡಿ. 1964ರಲ್ಲಿ ಇಂಗ್ಲೆಂಡಿನ ಬ್ರೈಟನ್ ಕಡಲತೀರದಲ್ಲಿ ಎರಡು ಗುಂಪಿನ ಹುಡುಗರು ಕುರ್ಚಿ ಎತ್ತಿ ಎಸೆದಾಡಿ ಬಡಿದಾಡಿದರು. ಒಂದು ಕಡೆ ಚರ್ಮದ ಜಾಕೆಟ್ಟಿನ ಬೈಕಿನವರು, ರಾಕರ್ಸ್. ಇನ್ನೊಂದು ಕಡೆ ಇಸ್ತ್ರಿ ಮಾಡಿದ ಸೂಟು ಹಾಕಿ ವೆಸ್ಪಾ, ಲ್ಯಾಂಬ್ರೆಟ್ಟಾ ಓಡಿಸುವ ಮಾಡ್ಸ್. ಬೈಕಿನವರು ಇವರನ್ನು ಹೆಣ್ಣಿಗರು ಅಂತಲೇ ಆಡಿಕೊಳ್ಳುತ್ತಿದ್ದರು. ನಿಮ್ಮ ಬ್ಯಾಂಕಿನ ಜೋಕು ಅರವತ್ತು ವರ್ಷಕ್ಕೂ ಹಳೆಯದು, ಹೊಸದೇನಾದರೂ ಕಂಡುಹಿಡಿಯಲು ಹೇಳಿ.

ಆ ಕಾಲಿಡುವ ಜಾಗದ ವಿಷಯ ಬಂತಲ್ಲ, ಅದರಲ್ಲಿ ನಮ್ಮ ಕಡೆಗೆ ಇನ್ನೂ ಒಂದು ಲಾಭ. ಪಂಚೆ ಉಟ್ಟವರು ಬುಲೆಟ್ ಹತ್ತುವುದನ್ನು ನೋಡಿದ್ದೀರಾ? ನಾನು ನೋಡಿದ್ದೇನೆ, ವಿವರ ಬೇಡ. ತೀರ್ಥಹಳ್ಳಿ, ಕೊಪ್ಪ, ಶೃಂಗೇರಿ ಕಡೆ ಪುರೋಹಿತರು, ಅಡುಗೆ ಭಟ್ಟರು ಪಂಚೆ ಉಟ್ಟುಕೊಂಡೇ ಸ್ಕೂಟರಿನಲ್ಲಿ ಹೋಗುತ್ತಾರೆ, ಕಾಲ ಬುಡದಲ್ಲಿ ಪೂಜೆ ಸಾಮಾನಿನ ಚೀಲ. ಮೊಪೆಡ್‌ನಲ್ಲಿ ಎರಡು ಕಡೆ ಹಾಲಿನ ಕ್ಯಾನ್ ನೇತುಹಾಕಿ, ಹಿಂದೆ ಹುಲ್ಲಿನ ಹೊರೆ ಕಟ್ಟಿ ಹೋಗುವ ರೈತನನ್ನು 'ಹೆಂಗಸರ ಗಾಡಿ' ಅಂತ ಯಾರಾದರೂ ತಮಾಷೆ ಮಾಡಿದ್ದು ಕೇಳಿದ್ದೀರಾ? ಇಲ್ಲ. ಯಾಕೆಂದರೆ ಅವನಿಗೆ ಗಾಡಿ ಒಂದು ಸಾಮಾನು. ತಮಾಷೆ ಇರುವುದು ಪ್ಯಾಂಟು ಹಾಕಿ ಆಫೀಸಿಗೆ ಹೋಗುವ ನಮ್ಮಂಥವರ ನಡುವೆ ಮಾತ್ರ.

ಇನ್ನೊಂದು ವಿಷಯ ನಿಮಗೆ ಹೊಳೆದಿದೆಯೋ ಇಲ್ಲವೋ. 'ಮೇಡಂ ಗಾಡಿ' ಅನ್ನುವುದು ಬೈಗುಳ ಆಗಬೇಕಾದರೆ ಮೇಡಂ ಅಂದರೆ ಕಡಿಮೆ ಅಂತ ಮೊದಲೇ ಒಪ್ಪಿಕೊಂಡಿರಬೇಕು. ಅವತ್ತು ಪಂಕ್ತಿಯಲ್ಲಿ ನಿಮ್ಮ ಹೆಂಡತಿಯೂ ಇದ್ದಿರಬೇಕು. ಅವರೂ ಅದೇ ಗಾಡಿ ಓಡಿಸುವವರು. ಆ ನಗು ಕೇಳಿ ಅವರಿಗೆ ಏನನ್ನಿಸಿತು ಅಂತ ನೀವು ಬರೆದಿಲ್ಲ. ಕೇಳಿ ನೋಡಿ.

ಜೋಕಿಗೆ ಉತ್ತರ ಕೊಡಬೇಕು ಅನ್ನಿಸಿದರೆ ಉದ್ದ ವಾದಕ್ಕೆ ಮಾತ್ರ ಇಳಿಯಬೇಡಿ. ನಾನು ಮೇಲೆ ಬರೆದ ಇಸವಿಗಳಲ್ಲಿ ಒಂದನ್ನೂ ಅವರ ಮುಂದೆ ಹೇಳಬೇಡಿ, ಇನ್ನೂ ಜಾಸ್ತಿ ನಗುತ್ತಾರೆ. "ಇವತ್ತೂ ಮೇಡಂ ಗಾಡಿನಾ?" ಅಂದರೆ "ಹೌದು, ಇವತ್ತು ನನ್ನ ಪಾಳಿ" ಅನ್ನಿ. ನಿಜವೇ ಅಲ್ವಾ? ತಮಾಷೆ ಮಾಡುವವರಿಗೆ ಬೇಕಾಗಿರುವುದು ನಿಮ್ಮ ಮುಖ ಸಣ್ಣಗಾಗುವುದು. ಅದು ಆಗದಿದ್ದರೆ ಹದಿನೈದು ದಿನದಲ್ಲಿ ಬೇರೆ ಯಾರದ್ದೋ ಹೊಟ್ಟೆಯೋ ಬೋಳುತಲೆಯೋ ಸಿಗುತ್ತದೆ. ಭಾವಮೈದನಿಗೆ ಮಾತ್ರ ಮಾತು ಸಾಲದು. ಗಾಡಿ ಅದಲುಬದಲು ಮಾಡಿ. "ನಿನ್ನ ಕೀ ಕೊಡು, ನನ್ನದು ತಗೋ, ಒಂದು ರೌಂಡ್ ಹೋಗಿ ಬಾ" ಅನ್ನಿ. ನನಗೆ ಗೊತ್ತಿರುವ ಬುಲೆಟ್ ಮಾಲೀಕರಲ್ಲಿ ಅರ್ಧಕ್ಕರ್ಧ ಜನರ ಮನೆಯಲ್ಲಿ ಒಂದು ಸ್ಕೂಟರ್ ಇದೆ. ಬುಲೆಟ್ ಭಾನುವಾರಕ್ಕೆ. ಸೋಮವಾರದಿಂದ ಶನಿವಾರದವರೆಗೆ ಹಾಲು, ತರಕಾರಿ, ಮಗಳ ಟ್ಯೂಷನ್, ಎಲ್ಲಕ್ಕೂ ಸ್ಕೂಟರೇ. ದೇಶದಲ್ಲಿ ಈಗ ಮಾರಾಟವಾಗುವ ಪ್ರತಿ ಮೂರು ದ್ವಿಚಕ್ರ ವಾಹನದಲ್ಲಿ ಹೆಚ್ಚುಕಮ್ಮಿ ಒಂದು ಸ್ಕೂಟರ್. ಅಷ್ಟನ್ನೂ ಹೆಂಗಸರೇ ಓಡಿಸುತ್ತಿದ್ದಾರಾ? ಬೆಳಗ್ಗೆ ಒಂಬತ್ತಕ್ಕೆ ಬಿ.ಎಚ್. ರಸ್ತೆಯಲ್ಲಿ ನಿಂತು ನೋಡಿ.

ನಾನೇನು ಹುಟ್ಟಿದಾಗಿನಿಂದ ಹೀಗೆ ಧೈರ್ಯವಂತನಲ್ಲ. ಗ್ಯಾರೇಜಿನಲ್ಲಿ ಸ್ಪ್ಯಾನರ್ ಹಿಡಿದು ಕೆಲಸ ಕಲಿಯುತ್ತಿದ್ದ ದಿನಗಳಲ್ಲಿ, ಇಪ್ಪತ್ತಾರನೇ ವಯಸ್ಸಿಗೆ, ಅಪ್ಪನ ಸ್ಕೂಟರ್ ಓಡಿಸಲು ನಾಚಿಕೆಯಾಗಿ ಸಾಲ ಮಾಡಿ 150 ಸಿಸಿ ಬೈಕ್ ತಗೊಂಡೆ. ಸ್ಕೂಟರನ್ನು ಗುಜರಿಯವನಿಗೆ 3,500 ರೂಪಾಯಿಗೆ ಕೊಟ್ಟೆ. ಅವನು ಅದನ್ನು ಲಗೇಜ್ ಆಟೋಗೆ ಎತ್ತಿ ಹಾಕುವಾಗ ಅಪ್ಪ ಹೊರಗೆ ಬರಲಿಲ್ಲ, ಒಳಗೆ ಪೇಪರ್ ಓದುತ್ತಿದ್ದರು. ಆಮೇಲೆ ಆ ಬೈಕಿನ ಹಿಂದಿನ ಸೀಟಿಗೆ ಅಮ್ಮ ಹತ್ತಿದ್ದು ಎರಡೇ ಸಲ. ಅಷ್ಟೆತ್ತರಕ್ಕೆ ಅವರ ಮಂಡಿ ಒಪ್ಪಲಿಲ್ಲ. ಈಗ ನನ್ನ ಹತ್ತಿರ ಇರುವುದು 110 ಸಿಸಿ ಸ್ಕೂಟರ್. ಬೈಕ್ ಬಗ್ಗೆ ನನಗೆ ಸಿಟ್ಟಿಲ್ಲ. ಒಳ್ಳೆಯ ಬುಲೆಟ್ ನಿಧಾನಕ್ಕೆ ಗುಡುಗುತ್ತಾ ಹೋಗುವುದು ಕೇಳಿದರೆ ಈಗಲೂ ತಿರುಗಿ ನೋಡುತ್ತೇನೆ. ನಿಮಗೂ ಒಂದು ದಿನ ಬೈಕ್ ಬೇಕು ಅನ್ನಿಸಿದರೆ ತಗೊಳ್ಳಿ, ನನಗೆ ಬರೆಯಿರಿ, ಯಾವುದು ಅಂತ ಹೇಳುತ್ತೇನೆ. ಆದರೆ ಭಾನುವಾರ ಬೆಳಗ್ಗೆ ಆರಕ್ಕೆ, ಬೀದಿಯಲ್ಲಿ ಯಾರೂ ಎದ್ದಿಲ್ಲದ ಹೊತ್ತಿನಲ್ಲಿ ಅದನ್ನು ಓಡಿಸಬೇಕು ಅನ್ನಿಸಿದರೆ ಮಾತ್ರ.

ನೀವು 'ಇಷ್ಟ' ಅಂದಿರಲ್ಲ, ಆ ಮಾತಿಗೆ ಬರುತ್ತೇನೆ. ಸ್ಕೂಟರಿನ ಸುಖ ನಿಧಾನದಲ್ಲಿದೆ. ಎರಡೂ ಕಾಲು ಜೋಡಿಸಿ, ಬೆನ್ನು ನೆಟ್ಟಗೆ, ಕುರ್ಚಿಯಲ್ಲಿ ಕೂತ ಹಾಗೆ. ನೂರೆಂಟು ಕಿಲೋ ಆಸುಪಾಸಿನ ಗಾಡಿ, ಬುಲೆಟ್ ಅದರ ಹತ್ತಿರಹತ್ತಿರ ಎರಡರಷ್ಟು. ಗಾಂಧಿ ಬಜಾರಿನ ಇಕ್ಕಟ್ಟಿನಲ್ಲಿ ಕೈಯನ್ನು ಒಂದಿಷ್ಟು ತಿರುಗಿಸಿದರೆ ಸಂದು ಸಿಕ್ಕಿಬಿಡುತ್ತದೆ, ಪಾರ್ಕಿಂಗ್‌ನಲ್ಲಿ ಒಂದೇ ಕೈಯಲ್ಲಿ ಎಳೆದು ಇಡಬಹುದು. ಮತ್ತೆ ಗೇರ್ ಇಲ್ಲ ಅನ್ನುವುದೂ ಪೂರ್ತಿ ಸರಿಯಲ್ಲ. ಒಳಗೆ ಎರಡು ಪುಲ್ಲಿ, ನಡುವೆ ಒಂದು ಬೆಲ್ಟ್. ವೇಗ ಹೆಚ್ಚಿದ ಹಾಗೆ ಮುಂದಿನ ಪುಲ್ಲಿಯೊಳಗಿನ ರೋಲರುಗಳು ಹೊರಕ್ಕೆ ಸರಿದು ಪುಲ್ಲಿಯನ್ನು ಒತ್ತುತ್ತವೆ, ಬೆಲ್ಟ್ ಮೇಲೇರುತ್ತದೆ, ಹಿಂದಿನ ಪುಲ್ಲಿಯಲ್ಲಿ ಇಳಿಯುತ್ತದೆ. ಅಂದರೆ ಗೇರ್ ಪ್ರತಿ ಕ್ಷಣ ಬದಲಾಗುತ್ತಲೇ ಇರುತ್ತದೆ. ಭಾವಮೈದನ ಗಾಡಿಯಲ್ಲಿ ಐದು ಗೇರ್, ನಿಮ್ಮದರಲ್ಲಿ ಲೆಕ್ಕವೇ ಇಲ್ಲ.

ಸರಿ, ಇನ್ನು ಆಗುಂಬೆ. ಶಿವಮೊಗ್ಗದಿಂದ ತೀರ್ಥಹಳ್ಳಿ 60 ಕಿಲೋಮೀಟರ್ ಆಸುಪಾಸು, ಅಲ್ಲಿಂದ ಆಗುಂಬೆಗೆ ಇನ್ನೊಂದು ಮೂವತ್ತು. ಗಾಜನೂರು, ಸಕ್ರೆಬೈಲು, ಮಂಡಗದ್ದೆ ದಾಟಿ ಹೋಗುವ ಆ ರಸ್ತೆ ಸ್ಕೂಟರಿಗೇ ಮಾಡಿದ ಹಾಗಿದೆ. ಐವತ್ತು, ಐವತ್ತೈದರ ಮೇಲೆ ಹೋಗಬೇಡಿ. ಬುಲೆಟ್‌ನವರು ಮುಂದೆ ಹೋದರೆ ಹೋಗಲಿ, ತೀರ್ಥಹಳ್ಳಿಯ ಹೋಟೆಲಿನಲ್ಲಿ ಸಿಗುತ್ತಾರೆ. ನಿಮ್ಮ ಟ್ಯಾಂಕ್ ಐದು ಲೀಟರ್ ಆಸುಪಾಸು ಅಷ್ಟೇ, ಹೋಗುವಾಗಲೂ ಬರುವಾಗಲೂ ತೀರ್ಥಹಳ್ಳಿಯಲ್ಲೇ ಪೆಟ್ರೋಲ್ ಹಾಕಿಸಿಕೊಳ್ಳಿ.

ಸ್ಕೂಟರಿನ ದೋಷ ಮುಚ್ಚಿಡುವುದಿಲ್ಲ. ಚಕ್ರ ಸಣ್ಣದು. ಬೈಕಿನವರು ಗಮನಿಸದೆ ಹಾರಿಸಿಕೊಂಡು ಹೋಗುವ ಗುಂಡಿ ನಿಮ್ಮ ಮುಂದಿನ ಚಕ್ರವನ್ನು ನುಂಗುತ್ತದೆ. ಹಾಗಾಗಿ ಲಾರಿ, ಬಸ್ಸಿನ ಬೆನ್ನಿಗೆ ಅಂಟಿಕೊಂಡು ಹೋಗಲೇಬೇಡಿ, ಗುಂಡಿ ಕಾಣುವುದಿಲ್ಲ. ಎಂಜಿನ್ ಹಿಂದಿನ ಚಕ್ರದ ಪಕ್ಕದಲ್ಲೇ ಇರುವುದರಿಂದ ಭಾರವೆಲ್ಲ ಹಿಂದೆ. ಹಿಂದೆ ಒಬ್ಬರು ಕೂತರೆ ಮುಂಭಾಗ ಇನ್ನೂ ಹಗುರ. ನಿಮ್ಮ ಚೀಲವನ್ನು ಹಿಂದೆ ಕಟ್ಟುವ ಬದಲು ಕಾಲ ಬಳಿ ಇಟ್ಟುಕೊಳ್ಳಿ. ಇಬ್ಬರು ಕೂತಾಗ ಹಿಂದಿನ ಟೈರಿಗೆ ಗಾಳಿ ಎಷ್ಟಿರಬೇಕು ಅಂತ ಗಾಡಿಯ ಜೊತೆ ಬಂದ ಪುಸ್ತಕದಲ್ಲಿ ಬೇರೆ ಅಂಕಿ ಇರುತ್ತದೆ, ಅದನ್ನೇ ಹಾಕಿಸಿ. ಗಾಡಿ ಇಪ್ಪತ್ತು ಸಾವಿರ ಕಿಲೋಮೀಟರ್ ದಾಟಿದ್ದರೆ ಹೊರಡುವ ಮೊದಲು ಮೆಕ್ಯಾನಿಕ್ ಹತ್ತಿರ ಬೆಲ್ಟ್ ತೋರಿಸಿ. ಘಾಟಿಯ ನಡುವೆ ಬೆಲ್ಟ್ ಹರಿದರೆ ತಳ್ಳುವುದೊಂದೇ ದಾರಿ, ಆಗ ಭಾವಮೈದನ ತಮಾಷೆಗೆ ನನ್ನ ಹತ್ತಿರ ಉತ್ತರ ಇಲ್ಲ.

ಆಗುಂಬೆಯಿಂದ ಸೋಮೇಶ್ವರಕ್ಕೆ ಇಳಿಯುವಾಗ 14 ಹೇರ್‌ಪಿನ್ ತಿರುವು. ಇಲ್ಲಿ ಸರಿಯಾಗಿ ಕೇಳಿ. ಬೈಕಿನವರು ಸೆಕೆಂಡ್ ಗೇರಿಗೆ ಹಾಕಿ ಎಂಜಿನ್ನಿನ ಹಿಡಿತದಲ್ಲೇ ಇಳಿಯುತ್ತಾರೆ. ನಿಮಗೆ ಆ ಹಿಡಿತ ಕಡಿಮೆ. ಆಕ್ಸಿಲರೇಟರ್ ಪೂರ್ತಿ ಬಿಟ್ಟು ವೇಗ ತೀರಾ ಇಳಿದರೆ ಒಳಗಿನ ಕ್ಲಚ್ ಬಿಟ್ಟುಕೊಂಡು, ಗಾಡಿ ಸೈಕಲ್ಲಿನ ಹಾಗೆ ಸುಮ್ನೆ ಉರುಳಲು ಶುರುಮಾಡುತ್ತದೆ. ಹಾಗೆ ಅನ್ನಿಸಿದ ಕೂಡಲೇ ಆಕ್ಸಿಲರೇಟರ್ ಒಂದೇ ಒಂದು ಚೂರು ತಿರುಗಿಸಿ. ಕ್ಲಚ್ ಮತ್ತೆ ಕಚ್ಚಿಕೊಳ್ಳುತ್ತದೆ, ಗಾಡಿಯನ್ನು ಯಾರೋ ಹಿಂದಿನಿಂದ ಹಿಡಿದ ಹಾಗೆ ಗೊತ್ತಾಗುತ್ತದೆ. ಪೆಟ್ರೋಲ್ ಉಳಿಸಲು ಎಂಜಿನ್ ಆಫ್ ಮಾಡಿ ಇಳಿಯುವವರಿದ್ದಾರೆ, ಆ ಸಾಹಸ ಮಾತ್ರ ಬೇಡ. ಬ್ರೇಕನ್ನು ಒತ್ತಿ ಹಿಡಿದುಕೊಂಡೇ ಇಳಿಯಬೇಡಿ, ಒತ್ತಿ ಬಿಡಿ, ಒತ್ತಿ ಬಿಡಿ, ಎರಡೂ ಕೈಯಲ್ಲಿ. ತಿರುವಿನ ಒಳಗೆ ಹೋದ ಮೇಲಲ್ಲ, ತಿರುವಿಗೆ ಮೊದಲೇ ವೇಗ ಇಳಿಸಿ. ಸುಟ್ಟ ವಾಸನೆ ಬಂದರೆ, ಇಲ್ಲಾ ಬ್ರೇಕ್ ಲಿವರ್ ಮೆತ್ತಗಾದ ಹಾಗೆ ಅನ್ನಿಸಿದರೆ, ಜಾಗ ಇರುವ ಕಡೆ ಪಕ್ಕಕ್ಕೆ ನಿಲ್ಲಿಸಿ ಹತ್ತು ನಿಮಿಷ ತಣಿಯಲು ಬಿಡಿ. ಪ್ರತಿ ತಿರುವಿಗೂ ಹಾರ್ನ್ ಹಾಕಿ. ಹತ್ತಿ ಬರುವ ಗಾಡಿಗೆ ಇಳಿಯುವವರು ದಾರಿ ಬಿಡಬೇಕು. ರಸ್ತೆಯ ಅಂಚಿನಲ್ಲಿ ಒದ್ದೆ ಎಲೆ, ಪಾಚಿ ಇರುತ್ತದೆ, ಅತ್ತ ಹೋಗಬೇಡಿ. ಮಂಗಗಳು ಬರುತ್ತವೆ, ತಿಂಡಿ ತೋರಿಸಬೇಡಿ.

ಹತ್ತುವಾಗ ನಿಮಗೆ ಕೆಲಸವೇ ಇಲ್ಲ. ಬುಲೆಟ್‌ನವರು ಪ್ರತಿ ತಿರುವಿನಲ್ಲೂ ಕ್ಲಚ್ ಹಿಡಿದು ಗೇರ್ ಇಳಿಸಿ ಏರಿಸುತ್ತಾ ಎಡಗೈ ನೋಯಿಸಿಕೊಳ್ಳುತ್ತಿರುತ್ತಾರೆ. ನೀವು ಆಕ್ಸಿಲರೇಟರ್ ಒಂದೇ ಹದದಲ್ಲಿ ಹಿಡಿದು ಕಾಡು ನೋಡುತ್ತಾ ಬನ್ನಿ. ನಡುವೆ ಒಂದೆರಡು ತಿರುವು ಹೆಂಡತಿಗೆ ಕೊಡಿ, ಅವರಿಗೆ ಇಷ್ಟವಿದ್ದರೆ.

ಡಿಕ್ಕಿಯಲ್ಲಿ ಜಾಸ್ತಿ ಸಾಮಾನು ತುಂಬಬೇಡಿ. ಅದು ಆಗುಂಬೆ, ಮಳೆ ಹೇಳಿ ಕೇಳಿ ಬರುವುದಿಲ್ಲ. ಮಳೆ ನಿಂತ ಮೇಲೆ ನಾಲ್ಕೂ ಬುಲೆಟ್‌ನವರ ಒದ್ದೆ ರೇನ್‌ಕೋಟ್ ನಿಮ್ಮ ಸೀಟಿನ ಕೆಳಗೇ ಬರುತ್ತದೆ.